ಕಡತ ತೆರೆಯಿತು, ಕನ್ನಡವೇಕೆ ಕಾಣಲಿಲ್ಲ?

ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ನಮ್ಮ ಮಕ್ಕಳು ಕಲಿಯುವುದು ಉಬುಂಟು ಆಧಾರಿತ ಸ್ವತಂತ್ರ ತಂತ್ರಾಂಶದಲ್ಲಿ. ಅಲ್ಲಿ ಬರವಣಿಗೆಗೆ ಲಿಬ್ರೆ ಆಫೀಸ್ ರೈಟರ್, ಅಂಕಪಟ್ಟಿಗೆ ಕ್ಯಾಲ್ಕ್, ಪ್ರಾತ್ಯಕ್ಷಿಕೆಗೆ ಇಂಪ್ರೆಸ್. ಮನೆಯ ಕಂಪ್ಯೂಟರಿನಲ್ಲಿ, ಅಕ್ಷಯ ಕೇಂದ್ರದಲ್ಲಿ, ಪೇಟೆಯ ಡಿಟಿಪಿ ಅಂಗಡಿಯಲ್ಲಿ ಹೆಚ್ಚಾಗಿ ಇರುವುದು ಮೈಕ್ರೋಸಾಫ್ಟ್ ವರ್ಡ್. ಗಡಿಯಾಚೆಯ ಕರ್ನಾಟಕದಿಂದ ಬರುವ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ, ಸುತ್ತೋಲೆಗಳಲ್ಲಿ ಅನೇಕವು ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪಿಸಿದವು. ಈ ಮೂರು ಲೋಕಗಳ ನಡುವೆ ಓಡಾಡುವ ಕನ್ನಡ ಕಡತವು ಒಮ್ಮೆ ಪುಟ ಕೆಟ್ಟು, ಇನ್ನೊಮ್ಮೆ ಅಕ್ಷರವೇ ಕೆಟ್ಟು ನಮ್ಮ ಕೈ ಸೇರುತ್ತದೆ.

ಕಡತ ಕೆಟ್ಟಿತೆಂದು ಬದಿಗಿಡುವ ಮೊದಲು, ಕೆಟ್ಟಿರುವುದು ಯಾವುದೆಂದು ತಿಳಿಯಬೇಕು. ತೊಂದರೆಗಳು ಎರಡು ಬಗೆಯವು. ಒಂದು, ಕಡತದ ಸ್ವರೂಪಕ್ಕೆ ಸೇರಿದ್ದು. ಇನ್ನೊಂದು, ಅಕ್ಷರಗಳ ಸಂಕೇತಕ್ಕೆ ಸೇರಿದ್ದು. ಇವೆರಡನ್ನು ಬೆರೆಸಿಕೊಂಡರೆ ಪರಿಹಾರ ದೊರೆಯುವುದಿಲ್ಲ.

ಎರಡು ಸ್ವರೂಪಗಳು ಹುಟ್ಟಿದ ಬಗೆ

ಬಹುಕಾಲ ವರ್ಡ್ ತನ್ನ ಕಡತಗಳನ್ನು ‘ಡಾಕ್’ ಎಂಬ ಸ್ವರೂಪದಲ್ಲಿ ಉಳಿಸುತ್ತಿತ್ತು. ಅದರ ಒಳರಚನೆ ಆ ಸಂಸ್ಥೆಯದೇ ಆಗಿದ್ದುದರಿಂದ ಬೇರೆ ತಂತ್ರಾಂಶಗಳು ಊಹೆಯಿಂದ, ಪ್ರಯೋಗದಿಂದ ಅದನ್ನು ಓದಬೇಕಾಗಿತ್ತು. ಯಾವ ಒಂದು ಸಂಸ್ಥೆಗೂ ಸೇರದ, ಎಲ್ಲರೂ ಬಳಸಬಹುದಾದ ಸ್ವರೂಪ ಬೇಕೆಂಬ ಪ್ರಯತ್ನದ ಫಲವಾಗಿ ಓಪನ್ ಡಾಕ್ಯುಮೆಂಟ್ ಸ್ವರೂಪ 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾಯಿತು. 2006ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಮನ್ನಣೆಯನ್ನೂ ಪಡೆಯಿತು. ಲಿಬ್ರೆ ಆಫೀಸಿನಲ್ಲಿ ನಾವು ಕಾಣುವ ‘ಓಡಿಟಿ’, ‘ಓಡಿಎಸ್’, ‘ಓಡಿಪಿ’ ಕಡತಗಳು ಈ ಕುಟುಂಬದವು.

ಮೈಕ್ರೋಸಾಫ್ಟ್ 2007ರ ಆಫೀಸಿನೊಂದಿಗೆ ತನ್ನದೇ ಹೊಸ ಸ್ವರೂಪವನ್ನು ರೂಢಿಗೆ ತಂದಿತು. ಅದೇ ‘ಡಾಕ್ಸ್’. ಅದರ ವಿವರಣೆ ಆರು ಸಾವಿರಕ್ಕೂ ಹೆಚ್ಚು ಪುಟಗಳಷ್ಟಿತ್ತು. 2008ರಲ್ಲಿ ಅದೂ ಅಂತಾರಾಷ್ಟ್ರೀಯ ಮಾನಕವಾಯಿತು. ಆ ಮತದಾನದಲ್ಲಿ ಭಾರತ ಅದರ ವಿರುದ್ಧ ಮತ ನೀಡಿತ್ತು. ಹೀಗೆ ಒಂದೇ ಕೆಲಸಕ್ಕೆ ಎರಡು ಮಾನಕಗಳು ನಿಂತವು.

ಎರಡೂ ಕಡತಗಳ ಒಳಗಿನ ಕಟ್ಟಡ ಒಂದೇ ಬಗೆಯದು. ಎರಡೂ ಝಿಪ್ ಮಾಡಿದ ಕಟ್ಟುಗಳು. ಒಳಗೆ ಎಕ್ಸ್‌ಎಂಎಲ್ ಎಂಬ ಪಠ್ಯಭಾಷೆಯಲ್ಲಿ ಬರಹ, ಅದರ ವಿನ್ಯಾಸ, ಚಿತ್ರಗಳು ಬೇರೆ ಬೇರೆಯಾಗಿ ಇರುತ್ತವೆ. ಆದರೆ ಪಟ್ಟಿಯ ಅಂಚು, ಪ್ಯಾರಾಗಳ ನಡುವಿನ ಅಂತರ, ಚಿತ್ರದ ಸ್ಥಾನ ಇವನ್ನು ಹೇಳುವ ರೀತಿ ಎರಡರಲ್ಲೂ ಬೇರೆ. ಒಂದರಿಂದ ಇನ್ನೊಂದಕ್ಕೆ ಕಡತವನ್ನು ತೆರೆಯುವುದೆಂದರೆ ಪ್ರತಿ ಬಾರಿಯೂ ಅನುವಾದ ನಡೆದಂತೆ. ಡಾಕ್ಸ್‌ನಲ್ಲೇ ‘ಕಟ್ಟುನಿಟ್ಟಿನ’ ಹಾಗೂ ‘ಸಂಕ್ರಮಣದ’ ಎಂಬ ಎರಡು ಬಗೆಗಳಿವೆ. ವರ್ಡ್ ರೂಢಿಯಾಗಿ ಉಳಿಸುವುದು ಎರಡನೆಯದನ್ನು. ಹಳೆಯ ವರ್ಡಿನ ಅನೇಕ ಅಭ್ಯಾಸಗಳು ಅದರಲ್ಲಿ ಉಳಿದುಕೊಂಡಿವೆ. ಅನುವಾದಕನ ಕಷ್ಟ ಇಲ್ಲಿ ಹೆಚ್ಚುತ್ತದೆ.

ಪುಟ ಕೆಡುವುದಕ್ಕೆ ಮುಖ್ಯ ಕಾರಣ

ಆದರೂ ಸಾಮಾನ್ಯ ಶಾಲಾ ಬರಹದಲ್ಲಿ ಪುಟ ಕೆಡುವುದಕ್ಕೆ ಸ್ವರೂಪಕ್ಕಿಂತ ಅಕ್ಷರಶೈಲಿಯೇ ಹೆಚ್ಚು ಕಾರಣ. ಕಡತದಲ್ಲಿ ಅಕ್ಷರಶೈಲಿಯ ಹೆಸರಷ್ಟೇ ಇರುತ್ತದೆ, ಅಕ್ಷರಶೈಲಿಯಲ್ಲ. ವಿಂಡೋಸಿನಲ್ಲಿ ತುಂಗಾ ಅಥವಾ ನಿರ್ಮಲಾ ಬಳಸಿ ಬರೆದ ಪತ್ರವನ್ನು ಉಬುಂಟುವಿನಲ್ಲಿ ತೆರೆದರೆ, ಅವು ಅಲ್ಲಿಲ್ಲದ ಕಾರಣ ಲೋಹಿತ್, ಗುಬ್ಬಿ ಅಥವಾ ನೋಟೋ ಅವುಗಳ ಸ್ಥಾನಕ್ಕೆ ಬರುತ್ತದೆ. ಅಕ್ಷರದ ಅಗಲವೂ ಒತ್ತಕ್ಷರದ ಎತ್ತರವೂ ಬದಲಾಗಿ, ಎರಡು ಪುಟದ ಪ್ರಶ್ನೆಪತ್ರಿಕೆ ಮೂರನೆಯ ಪುಟಕ್ಕೆ ಹರಿಯುತ್ತದೆ.

ಕನ್ನಡಕ್ಕೆ ಇನ್ನೊಂದು ಸೂಕ್ಷ್ಮವಿದೆ. ಎರಡೂ ಸ್ವರೂಪಗಳಲ್ಲಿ ಲ್ಯಾಟಿನ್ ಲಿಪಿಗೆ ಒಂದು, ಕನ್ನಡದಂತಹ ಸಂಕೀರ್ಣ ಲಿಪಿಗಳಿಗೆ ಇನ್ನೊಂದು ಎಂದು ಅಕ್ಷರಶೈಲಿಯನ್ನೂ ಗಾತ್ರವನ್ನೂ ಪ್ರತ್ಯೇಕವಾಗಿ ದಾಖಲಿಸುವ ವ್ಯವಸ್ಥೆಯಿದೆ. ಇಂಗ್ಲಿಷಿನ ಗಾತ್ರ 14 ಆಗಿದ್ದು ಕನ್ನಡದ್ದು 12ರಲ್ಲೇ ಉಳಿದಿರುವುದು ಇದರಿಂದಲೇ. ಲಿಬ್ರೆ ಆಫೀಸಿನ ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯ ಸೌಲಭ್ಯವನ್ನು ಸಕ್ರಿಯಗೊಳಿಸಿ, ಕನ್ನಡವನ್ನು ಆಯ್ದುಕೊಂಡರೆ ಈ ಎರಡನೆಯ ಕೋಣೆಯೂ ನಮ್ಮ ಕಣ್ಣಿಗೆ ಬೀಳುತ್ತದೆ.

ಅಕ್ಷರವೇ ಕೆಟ್ಟಾಗ

ಇದಕ್ಕಿಂತ ಗಂಭೀರವಾದುದು ಎರಡನೆಯ ಬಗೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ‘ಕ’ ಎಂಬುದು ಯಾವ ಯಂತ್ರದಲ್ಲಿಯೂ ‘ಕ’ವೇ. ಹಳೆಯ ನುಡಿ ಹಾಗೂ ಬರಹ ಅಕ್ಷರಶೈಲಿಗಳು ಹಾಗಲ್ಲ. ಕಂಪ್ಯೂಟರುಗಳಿಗೆ ಕನ್ನಡ ತಿಳಿಯದಿದ್ದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಹಾಗೂ ಯುರೋಪಿನ ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಂಡುಗಳ ಚಿತ್ರವನ್ನಿಟ್ಟು ಅವನ್ನು ರೂಪಿಸಲಾಯಿತು. ಕನ್ನಡದ ಮುದ್ರಣಕ್ಕೆ ಅಂದು ಅವು ಮಾಡಿದ ಉಪಕಾರ ದೊಡ್ಡದು. ಆದರೆ ಅಂತಹ ಕಡತದಲ್ಲಿ ಇರುವುದು ವಾಸ್ತವವಾಗಿ ಕನ್ನಡವಲ್ಲ. ಕನ್ನಡದ ವೇಷ ತೊಟ್ಟ ಲ್ಯಾಟಿನ್ ಅಕ್ಷರಗಳು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಪದ ಸಿಗದು, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಆ ಪಾಠ ಇದ್ದೂ ಇಲ್ಲದಂತೆ.

ಯಾವ ತೊಂದರೆ ಎಂದು ತಿಳಿಯಲು ಹೆತ್ತವರೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಒಂದು ಸಾಲನ್ನು ಆಯ್ದು ಅದರ ಅಕ್ಷರಶೈಲಿಯನ್ನು ಟೈಮ್ಸ್ ನ್ಯೂ ರೋಮನ್ ಅಥವಾ ಲಿಬರೇಶನ್ ಸೆರಿಫ್‌ಗೆ ಬದಲಿಸಿ ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ತೋರಿದರೆ ಹಳೆಯ ಸಂಕೇತ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಭಯಪಡಬೇಕಾಗಿಲ್ಲ. ಬರಹ ಸುರಕ್ಷಿತವಾಗಿದೆ, ಆ ಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲವೆಂದಷ್ಟೇ ಅದರ ಅರ್ಥ.

ಹಳೆಯ ಸಂಕೇತದ ಕಡತವನ್ನು ಡಾಕ್ಸ್‌ನಿಂದ ಓಡಿಟಿಗೆ ಬದಲಿಸುವುದರಿಂದ ಏನೂ ಆಗದು. ಅದನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ನುಡಿ, ಬರಹ ತಂತ್ರಾಂಶಗಳೂ ಈಗ ಯೂನಿಕೋಡಿನಲ್ಲಿ ಟೈಪಿಸುವ ಸೌಲಭ್ಯ ಹೊಂದಿವೆ. ಪರಿವರ್ತನೆಯ ಬಳಿಕ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನೂ, ನಡುವೆ ಬಂದ ಇಂಗ್ಲಿಷ್ ಪದ ಹಾಗೂ ಗಣಿತದ ಚಿಹ್ನೆಗಳನ್ನೂ ಕಣ್ಣಾರೆ ಪರಿಶೀಲಿಸಲೇಬೇಕು.

ಮನೆಯಲ್ಲಿ, ಶಾಲೆಯಲ್ಲಿ ಪಾಲಿಸಬಹುದಾದ ಕ್ರಮ

ಮೊದಲನೆಯದಾಗಿ, ಹೊಸದಾಗಿ ಬರೆಯುವುದೆಲ್ಲ ಯೂನಿಕೋಡಿನಲ್ಲಿರಲಿ. ಶಾಲಾ ವಾರ್ಷಿಕ ಸಂಚಿಕೆಗೆ ಲೇಖನ ಟೈಪಿಸಲು ಕೊಡುವಾಗ ಈ ಮಾತನ್ನು ಮೊದಲೇ ಹೇಳಿ.

ಎರಡನೆಯದಾಗಿ, ಓದಲು ಅಥವಾ ಮುದ್ರಿಸಲು ಮಾತ್ರ ಕಳುಹಿಸುವ ಕಡತ ಪಿಡಿಎಫ್ ಆಗಿರಲಿ. ಅದರೊಳಗೆ ಅಕ್ಷರಶೈಲಿಯನ್ನೂ ಸೇರಿಸಿ ಕಳುಹಿಸಲಾಗುವುದರಿಂದ ಪುಟ ಬದಲಾಗದು. ಲಿಬ್ರೆ ಆಫೀಸಿನಲ್ಲಿ ಮೂಲ ಕಡತವನ್ನೂ ಪಿಡಿಎಫ್‌ನೊಳಗೆ ಅಡಕಗೊಳಿಸುವ ‘ಹೈಬ್ರಿಡ್’ ಆಯ್ಕೆಯಿದೆ. ಅಂತಹ ಕಡತವನ್ನು ಎಲ್ಲರೂ ಓದಬಹುದು, ಲಿಬ್ರೆ ಆಫೀಸ್ ಉಳ್ಳವರು ತಿದ್ದಲೂ ಬಹುದು.

ಮೂರನೆಯದಾಗಿ, ತಿದ್ದಬೇಕಾದ ಕಡತವನ್ನು ಎಲ್ಲರೂ ಒಂದೇ ಸ್ವರೂಪದಲ್ಲಿ ಉಳಿಸಲಿ. ಶಾಲೆಯೊಳಗೆ ಓಡಿಟಿ ಸಾಕು. ವರ್ಡ್ ಕೂಡ ಅದನ್ನು ತೆರೆಯಬಲ್ಲುದು. ಡಾಕ್ಸ್ ಕೇಳುವ ಕಚೇರಿಗೆ ಪ್ರತಿಯೊಂದನ್ನು ಡಾಕ್ಸ್‌ನಲ್ಲಿ ಮಾಡಿಕೊಡಿ, ಮೂಲವನ್ನು ಹಾಗೆಯೇ ಉಳಿಸಿಕೊಳ್ಳಿ. ಮತ್ತೆ ಮತ್ತೆ ಅತ್ತಿಂದಿತ್ತ ಬದಲಿಸಿದಷ್ಟೂ ಅನುವಾದದ ನಷ್ಟ ಹೆಚ್ಚುತ್ತದೆ.

ನಾಲ್ಕನೆಯದಾಗಿ, ವಿನ್ಯಾಸ ಸರಳವಾಗಿರಲಿ. ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸುವ ಬದಲು ಟ್ಯಾಬ್ ಅಥವಾ ಕೋಷ್ಟಕವನ್ನು ಬಳಸಲು ಮಕ್ಕಳಿಗೆ ಕಲಿಸಿ. ಅಲಂಕಾರದ ಚೌಕಟ್ಟು, ತೇಲುವ ಪಠ್ಯಪೆಟ್ಟಿಗೆಗಳೇ ಮೊದಲು ಸ್ಥಾನ ತಪ್ಪುವುದು. ಎರಡೂ ತಂತ್ರಾಂಶಗಳಲ್ಲಿ ಅಕ್ಷರಶೈಲಿಯನ್ನು ಕಡತದೊಳಗೇ ಅಡಕಗೊಳಿಸುವ ಆಯ್ಕೆಯೂ ಇದೆ. ಕಡತ ದೊಡ್ಡದಾದರೂ ಪುಟ ಉಳಿಯುತ್ತದೆ.

ಇದು ಬರಿಯ ತಂತ್ರಜ್ಞಾನದ ಮಾತಲ್ಲ

ಸಂವಿಧಾನದ 350ನೇ ವಿಧಿಯು ಒಂದು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಹೇಳುತ್ತದೆ. ಮನವಿಗಳು ಮಿಂಚಂಚೆಯಲ್ಲಿ ಹೋಗುವ ಈ ಕಾಲದಲ್ಲಿ, ಅಧಿಕಾರಿಯ ಮೇಜಿನ ಮೇಲೆ ಚಿಹ್ನೆಗಳ ಸಾಲಾಗಿ ತೆರೆದುಕೊಂಡ ಕನ್ನಡ ಪತ್ರ ಹಕ್ಕನ್ನು ಚಲಾಯಿಸಿದಂತಾಗದು. ‘ಕನ್ನಡ ತೆರೆಯುವುದಿಲ್ಲ, ಇಂಗ್ಲಿಷಿನಲ್ಲಿ ಕಳುಹಿಸಿ’ ಎಂಬ ಉತ್ತರಕ್ಕೆ ನಾವೇ ಎಡೆಗೊಡಬಾರದು. ಯೂನಿಕೋಡಿನಲ್ಲಿ ಬರೆದ ಪತ್ರಕ್ಕೂ ಆ ಉತ್ತರ ಬಂದರೆ, ಕಚೇರಿಯ ಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಅಳವಡಿಸಿರೆಂದು ಕೇಳುವ ನೈತಿಕ ಬಲ ನಮಗಿರುತ್ತದೆ. ಭಾರತ ಸರಕಾರವು 2010ರಲ್ಲಿಯೇ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿದೆಯೆಂಬುದನ್ನೂ ನೆನಪಿಸಬಹುದು.

ತಾಳವಾಡಿ, ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೂ ನಮಗೂ ಪಾಠ ಸಾಮಗ್ರಿಯ ಕೊರತೆ ಸಮಾನವಾದುದು. ಒಬ್ಬ ಶಿಕ್ಷಕಿ ಸಿದ್ಧಪಡಿಸಿದ ಟಿಪ್ಪಣಿ ಇನ್ನೊಂದು ರಾಜ್ಯದ ಕನ್ನಡ ಮಗುವಿಗೆ ದೊರೆಯಬೇಕಾದರೆ ಅದು ಎಲ್ಲ ಯಂತ್ರಗಳಲ್ಲಿಯೂ ತೆರೆಯುವಂತಿರಬೇಕು. ಬರುವ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎರಡು ಸಣ್ಣ ನಿರ್ಣಯಗಳನ್ನು ಕೈಗೊಳ್ಳಬೇಕೆಂದು ನಾವು ಕೋರುತ್ತೇವೆ: ಶಾಲೆಯಿಂದ ಹೊರಡುವ ಪ್ರತಿ ಕನ್ನಡ ಕಡತವೂ ಯೂನಿಕೋಡಿನಲ್ಲಿರಲಿ, ಹಳೆಯ ಪ್ರಶ್ನೆಪತ್ರಿಕೆ ಹಾಗೂ ಸಂಚಿಕೆಗಳ ಕಡತಗಳನ್ನು, ಅವನ್ನು ತೆರೆಯಬಲ್ಲ ಯಂತ್ರಗಳು ಇನ್ನೂ ಉಳಿದಿರುವಾಗಲೇ, ಯೂನಿಕೋಡಿಗೆ ಪರಿವರ್ತಿಸಿ ಎರಡು ಕಡೆ ಕಾಪಿಡಲಾಗಲಿ.