ಹಳೆಯ ಡ್ರಿಲ್ ಪ್ರೆಸ್ ಓಲಾಡುವುದೇಕೆ?

1930–40ರ ದಶಕಗಳಲ್ಲಿ ಅಮೆರಿಕದ ಡೆಲ್ಟಾ, ವಾಕರ್-ಟರ್ನರ್ ಕಂಪನಿಗಳು ತಯಾರಿಸಿದ ಡ್ರಿಲ್ ಪ್ರೆಸ್‌ಗಳಲ್ಲಿ ಹಲವು ಇಂದಿಗೂ ಕೆಲಸ ಮಾಡುತ್ತಿವೆ. ಎರಕದ ಕಬ್ಬಿಣದ ಮೈ ತಲೆಮಾರುಗಳನ್ನು ದಾಟಬಲ್ಲದು. ಮೊದಲು ಸೋಲುವುದು ತಿರುಗುವ ಭಾಗಗಳು. ಓಲಾಟ ಶುರುವಾದರೆ ತೂತು ಬಿಟ್‌ಗಿಂತ ದೊಡ್ಡದಾಗುತ್ತದೆ, ಸಣ್ಣ ಬಿಟ್‌ಗಳು ಮುರಿಯುತ್ತವೆ. ಆಗ ನೇರವಾಗಿ ಬೇರಿಂಗ್ ಬದಲಿಸಲು ಹೊರಡಬಾರದು. ತುದಿಯಲ್ಲಿ ಕಾಣುವ ಓಲಾಟ ಹಲವು ಸಣ್ಣ ದೋಷಗಳ ಮೊತ್ತ. ಅವನ್ನು ಬಿಡಿಬಿಡಿಯಾಗಿ ಅಳೆಯಬೇಕು.

ಸ್ಪಿಂಡಲ್ ಒಂದು ಉಕ್ಕಿನ ದಂಡ. ಕ್ವಿಲ್ ಎಂಬ ಕೊಳವೆಯೊಳಗೆ ಬೇರಿಂಗ್‌ಗಳ ಆಸರೆಯಲ್ಲಿ ಅದು ತಿರುಗುತ್ತದೆ. ಹಿಡಿಕೆ ಎಳೆದರೆ ಕ್ವಿಲ್ ಇಳಿಯುತ್ತದೆ. ಸ್ಪಿಂಡಲ್ಲಿನ ಕೆಳತುದಿಯ ಟೇಪರ್‌ಗೆ, ಅಂದರೆ ಕ್ರಮೇಣ ಕಿರಿದಾಗುವ ಭಾಗಕ್ಕೆ, ಬಿಟ್ ಹಿಡಿಯುವ ಚಕ್ ಕೂರುತ್ತದೆ.

ಪ್ಲಗ್ ತೆಗೆದು, ಚಕ್ ಬಿಚ್ಚಿ, ಡಯಲ್ ಗೇಜನ್ನು ಟೇಪರ್‌ಗೆ ತಾಗಿಸಿ ಸ್ಪಿಂಡಲನ್ನು ಕೈಯಲ್ಲೇ ತಿರುಗಿಸಿ. ಮುಳ್ಳು ಒಟ್ಟು 0.04 ಮಿ.ಮೀ. ಆಡಿದರೆ ಟೇಪರ್‌ನ ನಡು 0.02 ಮಿ.ಮೀ. ಸರಿದಿದೆ. ನಂತರ ಚಕ್ಕಿಗೆ ನೇರವಾದ ಸರಳು ಕಚ್ಚಿಸಿ ಮೇಲೊಮ್ಮೆ, ಕೆಳಗೊಮ್ಮೆ ಅಳೆಯಿರಿ. ಎರಡೂ ಕಡೆ ಒಂದೇ ಅಳತೆ ಬಂದರೆ ಸರಳು ಪಕ್ಕಕ್ಕೆ ಸರಿದಿದೆ. ಕೆಳಗೆ ಹೆಚ್ಚಿದರೆ ಓರೆಯಾಗಿದೆ. ಚಕ್ಕನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ದೋಷವೂ ಜೊತೆಗೇ ತಿರುಗಿದರೆ ತಪ್ಪು ಚಕ್ಕಿನದು, ಇದ್ದಲ್ಲೇ ಉಳಿದರೆ ಸ್ಪಿಂಡಲ್ಲಿನದು.

ಬಹಳ ಸಲ ಕಾರಣ ಟೇಪರ್‌ನಲ್ಲೇ ಇರುತ್ತದೆ. ಮೋರ್ಸ್ ಎಂಬ ಬಗೆಯ ಟೇಪರ್ ಸುಮಾರು 20ಕ್ಕೆ 1ರಂತೆ ಕಿರಿದಾಗುತ್ತದೆ. ಅಷ್ಟು ಕಡಿಮೆ ಇಳಿಜಾರಿನಲ್ಲಿ ಘರ್ಷಣೆಯೊಂದೇ ಬಿಗಿಹಿಡಿದಿಡಲು ಸಾಕು. ಆದರೆ ತುಕ್ಕಿನ ಒಂದು ಕಣ ನಡುವೆ ಸಿಕ್ಕಿದರೂ ಚಕ್ ವಾಲುತ್ತದೆ. ಟೇಪರ್ ಒರೆಸಿ, ಚಕ್ಕನ್ನು ಎಣ್ಣೆಯಿಲ್ಲದೆ ಕೂರಿಸಬೇಕು.

ಇನ್ನು ಸಡಿಲ. ಸರಳನ್ನು ಪಕ್ಕಕ್ಕೆ ತಳ್ಳಿ ನೋಡಿ. ಕ್ವಿಲ್ಲೇ ಅಲ್ಲಾಡಿದರೆ, ಕೆಲವು ಮೆಷಿನ್ನುಗಳಲ್ಲಿ ಸೀಳಿದ ಎರಕದ ಬೋಲ್ಟನ್ನು ತುಸು ಬಿಗಿಗೊಳಿಸಿದರೆ ಸರಿಹೋಗುತ್ತದೆ. ಕ್ವಿಲ್ ಸ್ಥಿರವಾಗಿದ್ದು ಸ್ಪಿಂಡಲ್ ಮಾತ್ರ ಆಡಿದರೆ ಬೇರಿಂಗ್ ಸವೆದಿದೆ.

ಬೇರಿಂಗಿನ ಗುಂಡುಗಳು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಬಳೆಗೆ ತಾಗುತ್ತವೆ. ಸುತ್ತಿಗೆಯ ಪೆಟ್ಟು ಅಲ್ಲಿ ಕುಳಿ ಮಾಡುತ್ತದೆ, ಮೆಷಿನ್ ಗುರುಗುಟ್ಟುತ್ತದೆ. ಹಾಗಾಗಿ ಹೊಸ ಬೇರಿಂಗನ್ನು ಸ್ಪಿಂಡಲ್ಲಿಗೆ ಏರಿಸುವಾಗ ಒಳಬಳೆಯನ್ನಷ್ಟೇ ಒತ್ತಬೇಕು. ಹೊರಬಳೆಯನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾಯುತ್ತದೆ. ಹಳೆಯ ಬೇರಿಂಗ್ ತೆಗೆಯಲು ಕ್ವಿಲ್ ಬಿಚ್ಚುವ ಮುನ್ನ ಅದನ್ನು ಮೇಲೆಳೆಯುವ ಸುರುಳಿ ಸ್ಪ್ರಿಂಗನ್ನು ಹಿಡಿದು ನಿಧಾನವಾಗಿ ಸಡಿಲಿಸಿ. ಒಮ್ಮೆಲೇ ಬಿಚ್ಚಿದರೆ ಕೈ ಸೀಳೀತು.

ಹಲವು ಹಳೆಯ ಸ್ಪಿಂಡಲ್‌ಗಳ ಬೇರಿಂಗ್‌ಗಳು ಪ್ರಮಾಣಿತ ಅಳತೆಯವು. ಒಳವ್ಯಾಸ, ಹೊರವ್ಯಾಸ, ದಪ್ಪ ತಿಳಿದರೆ ಇಂದಿನ ಅಂಗಡಿಯಲ್ಲೇ ಸಿಗುತ್ತವೆ. ತಯಾರಿಸಿದ ಕಂಪನಿ ಮುಚ್ಚಿದ್ದರೂ ಮೆಷಿನ್ನನ್ನು ಗುಜರಿಗೆ ಹಾಕಬೇಕಿಲ್ಲ.