ಏಳು ಚುಕ್ಕೆಯ ಈ ಹುಳ ವಿಷಕಾರಿಯೇ? ಇದನ್ನು ಸಾಕುವವರೂ ಇದ್ದಾರೆ!

ಕಪ್ಪು ಮೈ, ಬೆನ್ನ ಮೇಲೆ ಏಳು ದೊಡ್ಡ ಬಿಳಿ ಚುಕ್ಕೆ. ಸಂಜೆ ಹೊತ್ತು ಕುರುಚಲು ಕಾಡಿನ ದಾರಿಯಲ್ಲಿ ಇಂಥ ಹುಳ ಕಂಡರೆ ಕೈ ಮೊದಲು ಹೋಗುವುದು ಮೊಬೈಲಿಗೆ. ಫೋಟೋ ಫ್ಯಾಮಿಲಿ ಗ್ರೂಪಿಗೆ ಬೀಳುತ್ತದೆ. ಅಲ್ಲಿಂದ ನಾಲ್ಕು ಕೈ ದಾಟುವಷ್ಟರಲ್ಲಿ "ಮುಟ್ಟಿದರೆ ಅಪಾಯ, ಕಂಡಲ್ಲೇ ಸಾಯಿಸಿ" ಎಂಬ ಸಾಲು ಅಂಟಿಕೊಳ್ಳಬಹುದು. "ವಿದೇಶದ ಲ್ಯಾಬಿನಲ್ಲಿ ಹುಟ್ಟಿಸಿದ ಹುಳ" ಎನ್ನುವವರೂ ಸಿಗಬಹುದು.

ಎರಡೂ ಸರಿಯಲ್ಲ. ಇದೊಂದು ಜಿರಳೆ, ಅದೂ ದಕ್ಷಿಣ ಭಾರತದ್ದೇ. ವೈಜ್ಞಾನಿಕ ಹೆಸರು ಥೇರಿಯಾ ಪೆಟಿವೇರಿಯಾನಾ. ಡಾಮಿನೋ ಆಟದ ಬಿಲ್ಲೆಯಂತೆ ಕಾಣುವುದರಿಂದ 'ಡಾಮಿನೋ ಜಿರಳೆ' ಎಂದು ಕರೆಯುತ್ತಾರೆ. ಜಿರಳೆ ಎಂದು ನಂಬಲು ಕಷ್ಟವಾದರೆ ಬೇಸರ ಬೇಡ. 1758ರಲ್ಲಿ ಇದಕ್ಕೆ ಹೆಸರಿಟ್ಟ ಲಿನೇಯಸ್ ಕೂಡ ಇದನ್ನು ಜೀರುಂಡೆಗಳ ಗುಂಪಿಗೇ ಸೇರಿಸಿದ್ದ!

ಹಾಗಾದರೆ ಭಯ ಹುಟ್ಟಿದ್ದೆಲ್ಲಿಂದ?

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಆ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಇದೇ ಕುರುಚಲು ಕಾಡುಗಳಲ್ಲಿ ಆ್ಯಂಥಿಯಾ ಸೆಕ್ಸ್‌ಗುಟ್ಟಾಟಾ ಎಂಬ ನೆಲಜೀರುಂಡೆ ಓಡಾಡುತ್ತದೆ. ಅದೂ ಕಪ್ಪು, ಅದರ ಮೇಲೂ ಬಿಳಿ ಚುಕ್ಕೆ. ಕೆಣಕಿದರೆ ಅದು ಹಿಂಬದಿಯಿಂದ ಉರಿಯುವ ಆಮ್ಲವನ್ನು ಚಿಮ್ಮಿಸುತ್ತದೆ. ಒಮ್ಮೆ ಅದರ ರುಚಿ ಕಂಡ ಹಕ್ಕಿ ಕಪ್ಪು-ಬಿಳಿ ಚುಕ್ಕೆಯ ಹುಳವನ್ನು ಮತ್ತೆ ಮುಟ್ಟಲು ಹಿಂಜರಿಯುತ್ತದೆ. ನಮ್ಮ ಜಿರಳೆಯ ಬಳಿ ಅಂಥ ಆಮ್ಲವಿಲ್ಲ. ಆದರೆ ಅಂಥದೇ ವೇಷ ಇದೆ. ಪೊಲೀಸರ ಬಣ್ಣದ ಅಂಗಿ ತೊಟ್ಟು ಓಡಾಡಿದ ಹಾಗೆ. ಇದನ್ನು ಅನುಕರಣೆ ಎನ್ನುತ್ತಾರೆ. ಹಕ್ಕಿ ಮೋಸಹೋಗಲೆಂದು ಇರುವ ವೇಷಕ್ಕೆ ಮನುಷ್ಯರೂ ಮೋಸಹೋಗುತ್ತಿದ್ದೇವೆ, ಅಷ್ಟೇ.

ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಜೀರುಂಡೆಗೆ ಆರು ಚುಕ್ಕೆ: ಎದೆಯ ಭಾಗದಲ್ಲಿ ಎರಡು, ಬೆನ್ನ ಮೇಲೆ ನಾಲ್ಕು. ಉದ್ದ ಮೈ, ಸಣ್ಣ ಸೊಂಟ, ಮುಂದೆ ಚಾಚಿದ ಗಟ್ಟಿ ದವಡೆ. ಜಿರಳೆ ಅದಕ್ಕಿಂತ ಚಿಕ್ಕದು, ಗುಂಡಗೆ, ತಲೆ ಒಳಗೆ ಅಡಗಿರುತ್ತದೆ. ಅದರ ಎಡ ರೆಕ್ಕೆಯ ಮೇಲೆ ನಾಲ್ಕು ಚುಕ್ಕೆ, ಬಲ ರೆಕ್ಕೆಯ ಮೇಲೆ ಮೂರು. ಬಲ ರೆಕ್ಕೆಯ ಒಂದಷ್ಟು ಭಾಗ ಎಡ ರೆಕ್ಕೆಯ ಕೆಳಗೆ ಮುಚ್ಚಿಹೋಗುವುದರಿಂದ ಈ ಲೆಕ್ಕ.

ಸಾಕುತ್ತಾರೆ ಅಂದರೆ ಹೇಗೆ?

ಯುರೋಪ್, ಅಮೆರಿಕದಲ್ಲಿ ಕೀಟ ಸಾಕುವ ಹವ್ಯಾಸಿಗಳಿಗೆ ಇದು ಅಚ್ಚುಮೆಚ್ಚು. ಇದರ ದಾಯಾದಿ ಥೇರಿಯಾ ಒಲೆಗ್ರಾಂಡ್‌ಜೀನಿಗೂ ಬೇಡಿಕೆಯಿದೆ. ಅದರ ರೆಕ್ಕೆಯ ಮೇಲಿನ ಗುರುತು ಪ್ರಶ್ನಾರ್ಥಕ ಚಿಹ್ನೆಯಂತಿದೆ. ಅದೂ ಭಾರತದ್ದೇ, 2008ರಲ್ಲಿ ಅದಕ್ಕೆ ವಿಜ್ಞಾನಿಗಳು ಹೆಸರಿಟ್ಟರು. ಈ ಚಿತ್ತಾರಗಳನ್ನು ಯಾರೂ ತಯಾರಿಸಿದ್ದಲ್ಲ, ಕಾಡಿನಲ್ಲೇ ಹೀಗಿವೆ.

ಸಾಕಲು ದೊಡ್ಡ ವ್ಯವಸ್ಥೆ ಬೇಡ. ಗಾಳಿಯಾಡುವ ಡಬ್ಬಿಯಲ್ಲಿ ಒಂದು ಗೇಣು ತೆಂಗಿನ ನಾರಿನ ಪುಡಿ, ಒಣ ತರಗೆಲೆ, ಒಂದು ಬದಿಗೆ ಸ್ವಲ್ಪ ತೇವ. ತಿನ್ನಲು ಹಣ್ಣಿನ ಚೂರು, ಮೀನಿಗೆ ಹಾಕುವ ಒಣ ಆಹಾರ. ಬೇಕಾದದ್ದು ತಾಳ್ಮೆ. ಹೆಣ್ಣು ಮೊಟ್ಟೆಚೀಲವನ್ನು ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ, ನೋಡಿದರೆ ಕಟ್ಟಿಗೆಯ ಚೂರಿನಂತಿರುತ್ತದೆ. ಮರಿಗಳಿಗೆ ರೆಕ್ಕೆಯೂ ಇಲ್ಲ, ಚುಕ್ಕೆಯ ಈ ಅಂಗಿಯೂ ಇಲ್ಲ. ತಿಂಗಳುಗಟ್ಟಲೆ ಮಣ್ಣೊಳಗೇ ಇರುತ್ತವೆ. ಅಷ್ಟು ಕಾಲ ಸಾಕಿದವರಿಗೆ ಕಾಣುವುದು ಬರೀ ಒಂದು ಡಬ್ಬಿ ಮಣ್ಣು! ಕೊನೆಯ ಪೊರೆ ಕಳಚಿದ ಮೇಲೆ ಚುಕ್ಕೆ ಮೂಡುತ್ತದೆ, ಆಮೇಲೆ ಬದುಕುವುದು ಕೆಲವೇ ತಿಂಗಳು.

ಹಾಗಂತ ನಾಳೆಯೇ ಕಾಡಿಗೆ ಹೋಗಿ ಹಿಡಿದು ತರುವುದು ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಹುಳವನ್ನು ತಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. "ವಿದೇಶಕ್ಕೆ ಕಳಿಸಿ, ಒಳ್ಳೆ ದುಡ್ಡು" ಎಂಬ ಮೆಸೇಜ್ ಬಂದರೆ ಅದನ್ನೂ ನಂಬಬೇಡಿ. ನಮ್ಮ ಜೀವಿಗಳನ್ನು ಹೊರಗಿನವರು ಪಡೆಯುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ನಿರ್ಬಂಧಗಳಿವೆ.

ಅಡುಗೆಮನೆಯ ಜಿರಳೆಯ ಕಥೆ ಬೇರೆ. ಅದು ರೋಗಾಣು ಹೊತ್ತು ತರುತ್ತದೆ, ಅದರ ಹಿಕ್ಕೆ ಮತ್ತು ಪೊರೆಯ ಪುಡಿಯಿಂದ ಅಸ್ತಮಾ ಕೆರಳುತ್ತದೆ. ಅದನ್ನು ಓಡಿಸಿ, ನಮ್ಮ ಅಡ್ಡಿಯಿಲ್ಲ. ಆದರೆ ಜಗತ್ತಿನಲ್ಲಿ 4,500ಕ್ಕೂ ಹೆಚ್ಚು ಬಗೆಯ ಜಿರಳೆಗಳಿವೆ, ಮನುಷ್ಯರ ನೆಲೆಗಳಿಗೆ ಹೊಂದಿಕೊಂಡವು ಸುಮಾರು 30 ಮಾತ್ರ. ಡಾಮಿನೋ ಜಿರಳೆ ಆ ಪಟ್ಟಿಯಲ್ಲಿಲ್ಲ. ಅದರ ಕೆಲಸ ತರಗೆಲೆ ತಿಂದು ಮಣ್ಣಿಗೆ ಸೇರಿಸುವುದು.

ಅಂಗಳದಲ್ಲಿ ಏಳು ಚುಕ್ಕೆಯದು ಸಿಕ್ಕರೆ ಒಂದು ಕಾಗದದ ಮೇಲೆ ಹತ್ತಿಸಿಕೊಂಡು ತರಗೆಲೆ ಇರುವ ಕಡೆ ಬಿಡಿ. ಆರು ಚುಕ್ಕೆಯದಾದರೆ ಮುಖ ಹತ್ತಿರ ಒಯ್ದು ಸೆಲ್ಫಿ ತೆಗೆಯಬೇಡಿ, ಅದರ ಪಾಡಿಗೆ ಹೋಗಲಿ. ಅದರ ಆಮ್ಲ ಕಣ್ಣಿಗೆ ಸಿಡಿದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.