ಏಸಿ ಹಾಕಿದರೆ ಕಾಯುವ ಎಂಜಿನ್ನು

ಬಿಸಿಲು ಬಲಿತ ಮೇಲೆ ಕೊರಟಗೆರೆ, ಮಧುಗಿರಿಗಳನ್ನು ಹಾದು ಪಾವಗಡದ ಕಡೆಗೆ ಕಾರಿನಲ್ಲಿ ಹೊರಟವರಿಗೆ ಒಂದು ಸಂಕಟ ಒದಗುವುದುಂಟು. ಅದುವರೆಗೆ ತೆಪ್ಪಗಿದ್ದ ಶಾಖದ ಮುಳ್ಳು, ಏಸಿ ಹಾಕಿದ ಹತ್ತು ನಿಮಿಷಕ್ಕೆ ಮೇಲಕ್ಕೇರತೊಡಗುತ್ತದೆ. ಹಿಂದಿನ ಆಸನದಲ್ಲಿ ಮುದುಕರೂ ಮಕ್ಕಳೂ ಇದ್ದಾರೆ. ಹೊರಗೆ, ತಿರುಮಣಿಯ ಸೌರಸ್ಥಾವರಕ್ಕೆ 2,050 ಮೆಗಾವಾಟ್ ವಿದ್ಯುತ್ತನ್ನು ಒದಗಿಸಬಲ್ಲ ಬಿಸಿಲು. ಏಸಿ ಆರಿಸಿದರೆ ಮುಳ್ಳು ಇಳಿಯುತ್ತದೆ. ಆದುದರಿಂದ ಏಸಿಯೇ ಕೆಟ್ಟಿದೆಯೆಂದು ಗ್ಯಾಸು ತುಂಬಿಸಲು ಹಣ ಸುರಿಯುವವರು ಹಲವರು. ಮಿತಿಮೀರಿ ಗ್ಯಾಸು ತುಂಬಿದರೆ ಶಾಖ ಇನ್ನಷ್ಟು ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ಏಸಿ ಎಂಜಿನ್ನಿನ ಮೇಲೆ ಎರಡು ಹೊರೆಗಳನ್ನು ಹೇರುತ್ತದೆ. ಅದರ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬಲದಿಂದಲೇ. ಅಲ್ಲಿಗೆ ಕೆಲವು ಕುದುರೆಬಲ ವೆಚ್ಚವಾಯಿತು. ಎರಡನೆಯದು ಇನ್ನೂ ಮುಖ್ಯ. ಕಾರಿನೊಳಗಿನಿಂದ ಹೀರಿದ ಶಾಖವನ್ನು ಹೊರಚೆಲ್ಲುವ ಕಂಡೆನ್ಸರ್ ಎಂಬ ಜಾಲರಿ ಸಾಮಾನ್ಯವಾಗಿ ರೇಡಿಯೇಟರಿನ ಮುಂದೆಯೇ ನಿಂತಿರುತ್ತದೆ. ಎಂಜಿನ್ನಿನ ನೀರನ್ನು ತಣಿಸಬೇಕಾದ ಗಾಳಿ ಇದನ್ನು ದಾಟಿ ಬರುವಾಗಲೇ ಬಿಸಿಯಾಗಿರುತ್ತದೆ. ಆರೋಗ್ಯವಾದ ಎಂಜಿನ್ನು ಇದನ್ನೆಲ್ಲ ತಾಳಿಕೊಳ್ಳುತ್ತದೆ. ಸಂಬಳ ತಿಂಗಳ ಕೊನೆಗೆ ಸರಿಸಮವಾಗುತ್ತಿರುವ ಮನೆಗೆ ನಾಲ್ವರು ನೆಂಟರು ಬಂದಾಗ ಏನಾಗುತ್ತದೆ? ಬಡತನ ಬಯಲಾಗುತ್ತದೆ, ಅದನ್ನು ತಂದವರು ನೆಂಟರಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಮುಳ್ಳು ಏರುವುದು ಯಾವಾಗ ಎಂಬ ಒಂದು ಪ್ರಶ್ನೆಯಿಂದಲೇ ಅರ್ಧ ಉತ್ತರ ದೊರೆಯುತ್ತದೆ. ಶುಕ್ರವಾರ ಗೊರವನಹಳ್ಳಿಯಲ್ಲಿಯೋ ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಯ ಬಳಿಯೋ ಜನಸಂದಣಿಯಲ್ಲಿ ತೆವಳುವಾಗ ಕಾದು, ಶಿರಾದ ಹೆದ್ದಾರಿಗೆ ಬಂದು ವೇಗ ಹಿಡಿದೊಡನೆ ತಣಿದರೆ, ಕೊರತೆ ಗಾಳಿಯದು. ಹೆದ್ದಾರಿಯ ಓಟದಲ್ಲಿಯೇ, ಏರಿನಲ್ಲಿಯೇ ಕಾದರೆ ಮೊದಲು ನೀರಿನ ಮೇಲೆ ಸಂಶಯಪಡಬೇಕು.

ಗಾಳಿಯ ಪರೀಕ್ಷೆಯನ್ನು ಮನೆಯ ಮುಂದೆಯೇ ಮಾಡಬಹುದು. ಎಂಜಿನ್ನು ನಡೆಯುತ್ತಿರಲಿ, ಬಾನೆಟ್ಟು ತೆರೆದಿರಲಿ. ಒಬ್ಬರು ಒಳಗೆ ಕುಳಿತು ಏಸಿ ಹಾಕಲಿ. ಈಗಿನ ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ವಿದ್ಯುತ್ ಫ್ಯಾನು ತಿರುಗತೊಡಗಬೇಕು. ಕೈ, ಸೆರಗು, ಹೆಗಲ ಮೇಲಿನ ಟವೆಲು ಯಾವುದೂ ಅದರ ಹತ್ತಿರ ಸುಳಿಯಕೂಡದು. ಎಂಜಿನ್ನು ನಿಂತಿದ್ದರೂ ಅದು ಇದ್ದಕ್ಕಿದ್ದಂತೆ ತಿರುಗಬಲ್ಲದು. ತಿರುಗದಿದ್ದರೆ ಫ್ಯೂಸು, ರಿಲೇ, ಫ್ಯಾನಿನ ಮೋಟಾರು ಈ ಮೂರನ್ನು ನೋಡಿಸಿರಿ. ಗ್ಯಾಸಿನ ಮಾತು ಆಮೇಲೆ.

ಫ್ಯಾನು ತಿರುಗುತ್ತಿದ್ದೂ ಕಾಯುವುದಾದರೆ ಜಾಲರಿಯ ಕಡೆ ಕಣ್ಣು ಹಾಯಿಸಿರಿ. ನಮ್ಮ ಸೀಮೆಯಲ್ಲಿ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ಗಾಲಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ವಾಡಿಕೆಯಿದೆ. ಕಣ ಸಾರಿಸುವ ಶ್ರಮವೇನೋ ಉಳಿಯಿತು; ಹೊಟ್ಟು, ಧೂಳು, ಹುಲ್ಲಿನ ಎಳೆಗಳು ನಮ್ಮ ಕಾರುಗಳ ಮೂಗಿಗೆ ಸೇರಿದವು. ಇವು ಎದುರಿಗೆ ಕಾಣುವ ಜಾಲರಿಗಿಂತ ಹೆಚ್ಚಾಗಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಣ ಸಂದಿಯಲ್ಲಿ ಮಡುಗಟ್ಟುತ್ತವೆ. ಮುಂದಿನಿಂದ ನೋಡಿ ಚೊಕ್ಕಟವಾಗಿದೆಯೆಂದು ಹೇಳುವ ಕೆಲಸಗಾರನಿಗೆ ಬ್ಯಾಟರಿ ಕೊಟ್ಟು ಸಂದಿಯನ್ನು ನೋಡಹೇಳಿರಿ. ತಣ್ಣಗಾದ ಮೇಲೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಮೆಲ್ಲನೆ ನೀರು ಹಾಯಿಸಿ ತೊಳೆಯತಕ್ಕದ್ದು. ಜೋರಾದ ನೀರು ತೆಳುವಾದ ತಗಡುಗಳನ್ನು ಮಡಿಸಿಬಿಟ್ಟರೆ ಇದ್ದ ದಾರಿಯೂ ಮುಚ್ಚುತ್ತದೆ.

ಇನ್ನು ನೀರು. ಬಚ್ಚಲುಮನೆಯ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಕ್ಕಳೆಯನ್ನು ನೀವೆಲ್ಲರೂ ನೋಡಿದ್ದೀರಿ. ಗಡಸು ನೀರಿನ ಕೊಳವೆಬಾವಿಯಿಂದ ಬಿಂದಿಗೆ ತುಂಬಿ ರೇಡಿಯೇಟರಿಗೆ ಸುರಿದರೆ ಅದೇ ಹಕ್ಕಳೆ ಅದರ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಸುಣ್ಣದ ಪದರ ಶಾಖವನ್ನು ಸುಲಭವಾಗಿ ಹಾಯಗೊಡದು; ನಾಳವೂ ಕಿರಿದಾಗುತ್ತದೆ. ಹುಣಿಸೆಮರದ ಕೆಳಗೆ ಅಂಬಾಸಿಡರ್ ನಿಲ್ಲಿಸಿ ನೀರು ಹೊಯ್ಯುತ್ತಿದ್ದ ಕಾಲದ ಅಭ್ಯಾಸವನ್ನು ಈಗಿನ ಕಾರಿಗೆ ತರಬಾರದು. ಕೈಪಿಡಿಯಲ್ಲಿ ಹೇಳಿದ ಕೂಲೆಂಟು, ಅದಕ್ಕೆ ಬೆರೆಸಲು ಬಟ್ಟಿಯಿಳಿಸಿದ ನೀರು, ಇವೇ ಸರಿ. ಥರ್ಮೋಸ್ಟಾಟ್ ಪೂರ್ತಿ ತೆರೆಯದಿದ್ದರೂ, ನೀರಿನ ಪಂಪು ಸವೆದಿದ್ದರೂ, ಕೆಳಗಿನ ರಬ್ಬರು ಕೊಳವೆ ವೇಗದಲ್ಲಿ ಚಪ್ಪಟೆಯಾಗುತ್ತಿದ್ದರೂ ಇದೇ ಲಕ್ಷಣ ತೋರುತ್ತದೆ.

ಕೆಳಗೆ ಒಂದು ಹನಿಯೂ ಸೋರದೆ ನೀರು ಮಾತ್ರ ಕಡಿಮೆಯಾಗುತ್ತಿದ್ದರೆ, ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ಬೆಳ್ಳಗೆ ಹೊಗೆ ಬರುತ್ತಿದ್ದರೆ, ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವುಂಟು. ಆಗ ಊರು ಹತ್ತಿರವೆಂದು ಓಡಿಸಬೇಡಿರಿ. ಕಾದ ಎಂಜಿನ್ನಿನ ತಲೆಭಾಗ ಸೊಟ್ಟಗಾದರೆ, ಒಂದು ಫ್ಯೂಸಿನಲ್ಲಿ ಮುಗಿಯಬಹುದಾಗಿದ್ದ ಖರ್ಚು ಎಂಜಿನ್ನು ಬಿಚ್ಚುವವರೆಗೆ ಬೆಳೆಯುತ್ತದೆ.

ಅನೇಕ ಕಾರುಗಳು ಶಾಖ ಮಿತಿಮೀರುವ ಮೊದಲೇ ಕಂಪ್ರೆಸರನ್ನು ತಾವಾಗಿ ನಿಲ್ಲಿಸುತ್ತವೆ. ಆದುದರಿಂದ ಮಿಡಿಗೇಶಿಯ ಆಚೆ ಎಲ್ಲಿಯೋ ಏಸಿಯ ಗಾಳಿ ತಟಕ್ಕನೆ ಬಿಸಿಯಾದರೆ ಮೊದಲು ಮುಳ್ಳನ್ನು ನೋಡಿರಿ. ಅದು ಕೆಂಪು ಗೆರೆಯ ಕಡೆಗೆ ಏರುತ್ತಿದ್ದರೆ ಏಸಿ ಆರಿಸಿ, ಒಳಗಿನ ಹೀಟರನ್ನು ಪೂರ್ತಿ ಹಾಕಿರಿ. ಏಪ್ರಿಲಿನಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಎಂಜಿನ್ನಿನ ಶಾಖಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ. ಕೆಂಪು ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನು ಆರಿಸಿರಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿರಿ. ಅದು ಹಿಡಿದಿಟ್ಟ ಒತ್ತಡದಿಂದ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಆವಿಯಾಗಿ ಮುಖಕ್ಕೆ ಎರಚುತ್ತದೆ. ಮಕ್ಕಳನ್ನು ನೆರಳಿಗೆ ಕರೆದೊಯ್ದು, ಮೇಲಿನ ಕೊಳವೆಯ ಹತ್ತಿರ ಕೈಯೊಡ್ಡಿದರೂ ಕಾವು ತಾಕದಷ್ಟು ತಣ್ಣಗಾಗುವವರೆಗೆ ಕಾಯಿರಿ. ಅದಕ್ಕೆ ಅರ್ಧ ಗಂಟೆಗಿಂತ ಹೆಚ್ಚೇ ಹಿಡಿದೀತು.